ಮೆಹರ್‌ಬಾಯಿ ಟಾಟಾ

ಲೇಡಿ ಮೆಹರ್‌ಬಾಯಿ ಟಾಟಾ (10 ಅಕ್ಟೋಬರ್ 1879 – 18 ಜೂನ್ 1931) ಮಹಿಳಾ ಹಕ್ಕುಗಳ ಪ್ರತಿಪಾದಕಿ ಹಾಗೂ ಟೆನಿಸ್ ಆಟಗಾರ್ತಿ. ಉದ್ಯಮಿ ಸರ್ ದೊರಾಬ್ಜಿ ಟಾಟಾ ಅವರ ಪತ್ನಿ. ರಕ್ತದ ಕ್ಯಾನ್ಸರಿನಿಂದ ನಿಧನರಾದ ಇವರ ಸ್ಮರಣಾರ್ಥ ಸ್ಥಾಪಿತವಾದ ಲೇಡಿ ಟಾಟಾ ಮೆಮೋರಿಯಲ್ ಟ್ರಸ್ಟ್ ಆ ರೋಗದ ಸಂಶೋಧನೆಗೆ ಧನಸಹಾಯ ನೀಡುತ್ತಿದೆ.

ಬಾಲ್ಯ ಮತ್ತು ಶಿಕ್ಷಣ

ಮೆಹರ್‌ಬಾಯಿ ಮುಂಬಯಿಯ ಪಾರ್ಸಿ ಕುಟುಂಬದಲ್ಲಿ ಜನಿಸಿದರೂ ಬೆಳೆದದ್ದು ಮೈಸೂರು ಸಂಸ್ಥಾನದಲ್ಲಿ. ತಂದೆ ಹೊರ್ಮುಸ್‌ಜಿ ಭಾಭಾ ಸಂಸ್ಥಾನದ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಹುದ್ದೆಗೇರಿದವರು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದ ಮೆಹರ್‌ಬಾಯಿ, ನಂತರ ಮೈಸೂರಿನಲ್ಲಿ ವ್ಯಾಸಂಗ ಮುಂದುವರಿಸಿದರು. ಮೈಸೂರಿಗೆ ತೆರಳಲಿದ್ದ ದೊರಾಬ್ಜಿಗೆ, ಭಾಭಾ ಅವರ ಮನೆಗೆ ಹೋಗಿಬರುವಂತೆ ತಂದೆ ಜಮ್ಶೆಡ್‌ಜಿ ಟಾಟಾ ಸೂಚಿಸಿದ್ದರು. 1898ರ ಫೆಬ್ರವರಿ 14ರಂದು ಇವರಿಬ್ಬರ ವಿವಾಹವಾಯಿತು.

ಸಾರ್ವಜನಿಕ ಜೀವನ

ಬಾಲ್ಯವಿವಾಹ ನಿಷೇಧ, ಸ್ತ್ರೀಶಿಕ್ಷಣ, ಪರದಾ ಪದ್ಧತಿಯ ನಿವಾರಣೆಗಾಗಿ ಅವರು ದುಡಿದರು. 1925ರಲ್ಲಿ ಸ್ಥಾಪನೆಯಾದ ಭಾರತೀಯ ರಾಷ್ಟ್ರೀಯ ಮಹಿಳಾ ಪರಿಷತ್ತಿನ ಸ್ಥಾಪಕರಲ್ಲಿ ಒಬ್ಬರು. ಸೀರೆಯುಟ್ಟೇ ಟೆನಿಸ್ ಆಡುತ್ತಿದ್ದ ಅವರ ಹೆಸರು 1924ರ ಪ್ಯಾರಿಸ್ ಒಲಿಂಪಿಕ್ಸ್‌ನ ಮಿಶ್ರ ಡಬಲ್ಸ್ ಪಟ್ಟಿಯಲ್ಲಿತ್ತು.

ದೊರಾಬ್ಜಿ ಪತ್ನಿಗೆ ಕೊಟ್ಟಿದ್ದ 245 ಕ್ಯಾರೆಟ್‌ಗಳ ಜ್ಯೂಬಿಲಿ ವಜ್ರ ತೂಕದಲ್ಲಿ ಕೊಹಿನೂರ್‌ನ ಎರಡರಷ್ಟಕ್ಕೂ ಹೆಚ್ಚು. 1924ರಲ್ಲಿ ಟಾಟಾ ಉಕ್ಕಿನ ಕಂಪನಿ ಸಂಬಳ ಕೊಡಲೂ ಪರದಾಡುವ ಸ್ಥಿತಿಗೆ ಬಂದಾಗ, ದಂಪತಿಗಳು ಈ ವಜ್ರವೂ ಸೇರಿದಂತೆ ತಮ್ಮ ಸ್ವಂತ ಆಸ್ತಿಯನ್ನು ಇಂಪೀರಿಯಲ್ ಬ್ಯಾಂಕಿನಲ್ಲಿ ಅಡವಿಟ್ಟು ಸಾಲ ತಂದರು.

ನಿಧನ ಮತ್ತು ಸ್ಮಾರಕ ನಿಧಿ

ಲ್ಯುಕೇಮಿಯಾಕ್ಕೆ ತುತ್ತಾದ ಮೆಹರ್‌ಬಾಯಿ ವೇಲ್ಸ್‌ನ ರುಥಿನ್‌ನಲ್ಲಿ ಚಿಕಿತ್ಸೆಯಲ್ಲಿದ್ದಾಗ ತೀರಿಕೊಂಡರು. ಆಗ ಈ ರೋಗದ ಕಾರಣ ತಿಳಿದಿರಲಿಲ್ಲ. ಗುಣಪಡಿಸುವ ಔಷಧವೂ ಇರಲಿಲ್ಲ. ಮಕ್ಕಳ ಲ್ಯುಕೇಮಿಯಾವನ್ನು ತಾತ್ಕಾಲಿಕವಾಗಿಯಾದರೂ ತಗ್ಗಿಸಬಲ್ಲ ಅಮೈನಾಪ್ಟೆರಿನ್ ಕುರಿತ ವರದಿ ಹೊರಬಂದದ್ದು 1948ರಲ್ಲಿ. ಅಂದರೆ ಫಲದ ಭರವಸೆ ಕೊಡಲಾಗದ, ಇನ್ನೂ ಮೂಲ ಪ್ರಶ್ನೆಗಳಲ್ಲೇ ಇದ್ದ ಸಂಶೋಧನೆಗೆ ದೊರಾಬ್ಜಿ 1932ರ ಏಪ್ರಿಲ್‌ನಲ್ಲಿ ಈ ನಿಧಿಯನ್ನು ಮೀಸಲಿಟ್ಟರು. ಆದಾಯದ ಐದರಲ್ಲಿ ನಾಲ್ಕು ಪಾಲು ಯಾವ ದೇಶದವರೆಂಬ ಭೇದವಿಲ್ಲದೆ ಲ್ಯುಕೇಮಿಯಾ ಸಂಶೋಧಕರಿಗೆ, ಉಳಿದದ್ದು ಭಾರತದಲ್ಲಿ ರೋಗನಿವಾರಣೆಯ ವೈಜ್ಞಾನಿಕ ಅಧ್ಯಯನಕ್ಕೆ ಎಂಬುದು ಅದರ ನಿಯಮ. ಮಹಿಳೆಯರ ಉನ್ನತ ಶಿಕ್ಷಣಕ್ಕಾಗಿ ಇನ್ನೊಂದು ಟ್ರಸ್ಟನ್ನೂ ಅವರ ಹೆಸರಿನಲ್ಲಿ ಸ್ಥಾಪಿಸಲಾಯಿತು. ಅದೇ ಜೂನ್ 3ರಂದು ದೊರಾಬ್ಜಿ ಜರ್ಮನಿಯಲ್ಲಿ ನಿಧನರಾದರು. ಇಬ್ಬರ ಸಮಾಧಿಗಳೂ ಇಂಗ್ಲೆಂಡಿನ ಬ್ರೂಕ್‌ವುಡ್‌ನಲ್ಲಿವೆ.

ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯನ್ನು ಕೇವಲ ಜ್ಯೂಬಿಲಿ ವಜ್ರದ ಹಣದಿಂದಲೇ ಕಟ್ಟಲಾಯಿತೆಂಬ ಮಾತು ಬಳಕೆಯಲ್ಲಿದೆ. ವಾಸ್ತವವಾಗಿ 1937ರಲ್ಲಿ ಮಾರಾಟವಾದ ವಜ್ರದ ಹಣ ಸರ್ ದೊರಾಬ್ಜಿ ಟಾಟಾ ಟ್ರಸ್ಟಿಗೆ ಸೇರಿತು. 1941ರ ಫೆಬ್ರವರಿ 28ರಂದು ಆರಂಭವಾದ ಆಸ್ಪತ್ರೆಗೆ ಹಣ ಒದಗಿಸಿದ್ದು ಆ ಟ್ರಸ್ಟ್. 1962ರಲ್ಲಿ ಆಸ್ಪತ್ರೆಯ ಆಡಳಿತ ಅಣುಶಕ್ತಿ ಇಲಾಖೆಗೆ ಬಂದಾಗ ಇಲಾಖೆಯ ಮುಖ್ಯಸ್ಥರಾಗಿದ್ದ ಹೋಮಿ ಭಾಭಾ, ಮೆಹರ್‌ಬಾಯಿ ಅವರ ಸಹೋದರ ಜಹಾಂಗೀರರ ಮಗ.