ಮಗುವಿನ ಮನಸ್ಸಿಗೆ ಒಬ್ಬ ಡಾಕ್ಟರ್ ಸಾಲದು: ಗೋವಿಂದಸ್ವಾಮಿ ಬಿಟ್ಟುಹೋದ ಪಾಠ

ಇವತ್ತು ನಾವು ನಿಮ್ಹಾನ್ಸ್ ಅಂತ ಕರೆಯುವ ಸಂಸ್ಥೆಗೆ ಬುನಾದಿ ಹಾಕಿದವರು ಡಾ. ಎಂ.ವಿ. ಗೋವಿಂದಸ್ವಾಮಿ. ಹುಟ್ಟಿದ್ದು 1904ರಲ್ಲಿ. ಆಗಿನ ಮೈಸೂರು ಸಂಸ್ಥಾನದಲ್ಲಿ ಮನಃಶಾಸ್ತ್ರ ಹೊಸ ವಿಷಯ. ಮೈಸೂರು ವಿಶ್ವವಿದ್ಯಾಲಯದಲ್ಲಿ ಅದರ ವಿಭಾಗ ಶುರುವಾಗಿದ್ದೇ 1924ರಲ್ಲಿ. ಅದನ್ನು ಕಟ್ಟಿದ್ದು, ಮುಂದೆ 1935ರಲ್ಲಿ ತಮ್ಮ ಮನೆಯಿಂದಲೇ ಆಕಾಶವಾಣಿ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿ. ಗೋವಿಂದಸ್ವಾಮಿ ವೈದ್ಯಕೀಯವನ್ನೂ ಓದಿದರು, ಮನಃಶಾಸ್ತ್ರವನ್ನೂ ಓದಿದರು, ವಿದೇಶದಲ್ಲಿ ತರಬೇತಿಯನ್ನೂ ಪಡೆದರು. ಈ ಎರಡು ದೋಣಿಯ ಪಯಣವೇ ಅವರ ಮುಂದಿನ ಕೆಲಸವನ್ನು ನಿರ್ಧರಿಸಿತು.

ಬೆಂಗಳೂರಿನಲ್ಲಿ 1847ರಷ್ಟು ಹಿಂದೆಯೇ ಹುಚ್ಚಾಸ್ಪತ್ರೆ ಇತ್ತು. 1925ರಲ್ಲಿ ಅದರ ಹೆಸರು ಮಾನಸಿಕ ಆಸ್ಪತ್ರೆ ಎಂದಾಯಿತು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದಲ್ಲಿ ಅದು ಪೇಟೆಯಿಂದ ಹೊಸೂರು ರಸ್ತೆಯ ವಿಶಾಲ ಜಾಗಕ್ಕೆ ಬಂತು. ಡಾ. ಫ್ರಾಂಕ್ ನೊರೊನ್ಹಾ ನಂತರ, 1930ರ ದಶಕದ ಕೊನೆಯಲ್ಲಿ, ಗೋವಿಂದಸ್ವಾಮಿ ಅದರ ಸೂಪರಿಂಟೆಂಡೆಂಟ್ ಆದರು.

ಮಾನಸಿಕ ಆರೋಗ್ಯಕ್ಕೆ ತರಬೇತಾದ ಜನ ಬೇಕು ಎಂದು 1946ರಲ್ಲಿ ಭೋರ್ ಸಮಿತಿ ಹೇಳಿತು. 1954ರಲ್ಲಿ ಇದೇ ಕ್ಯಾಂಪಸ್‌ನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಗೋವಿಂದಸ್ವಾಮಿಯೇ ಮೊದಲ ನಿರ್ದೇಶಕ. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಸಂಸ್ಥೆ ಮನೋವೈದ್ಯರಿಗೆ ಮಾತ್ರ ಕೋರ್ಸ್ ತೆರೆಯಲಿಲ್ಲ. ಚಿಕಿತ್ಸಾ ಮನಃಶಾಸ್ತ್ರಜ್ಞರನ್ನೂ ತಯಾರು ಮಾಡತೊಡಗಿತು, ಮನೋರೋಗ ಶುಶ್ರೂಷೆಯನ್ನೂ ಕಲಿಸಿತು.

ಇದರ ಬೆಲೆ ಗೊತ್ತಾಗುವುದು ಮಕ್ಕಳ ವಿಷಯದಲ್ಲಿ. ಒಂಬತ್ತು ವರ್ಷದ ಹುಡುಗ ಶಾಲೆಗೆ ಹೋಗಲ್ಲ ಅಂತ ಹಟ ಹಿಡಿದ ಅಂದುಕೊಳ್ಳಿ. ಅವನಿಗೆ ಅಕ್ಷರ ಗುರುತಿಸುವುದೇ ಕಷ್ಟವಾ ಅಂತ ಪರೀಕ್ಷಿಸಬೇಕಾದವರು ಮನಃಶಾಸ್ತ್ರಜ್ಞರು. ಅಪ್ಪ ಕುಡಿದು ಹೊಡೀತಾನಾ, ಅವ್ವ ಗುಳೆ ಹೋಗಿದ್ದಾಳಾ, ಮೇಷ್ಟ್ರು ಜಾತಿ ಹಿಡಿದು ಬೈತಾರಾ ಅಂತ ಮನೆಗೆ, ಶಾಲೆಗೆ ಹೋಗಿ ತಿಳಿಯಬೇಕಾದವರು ಸಮಾಜ ಕಾರ್ಯಕರ್ತರು. ಕಾಯಿಲೆ ಇದೆಯಾ ಅಂತ ನೋಡುವವರು ವೈದ್ಯರು. ಮೂವರೂ ಒಟ್ಟಿಗೆ ಕೂತು ಮಾತಾಡಿದರೆ ಅದು ಮಕ್ಕಳ ಮಾರ್ಗದರ್ಶನ ಕೇಂದ್ರ. ಬಾಂಬೆಯಲ್ಲಿ 1937ರಲ್ಲಿ ಇಂಥ ಕೇಂದ್ರವನ್ನು ತೆರೆದದ್ದು ಟಾಟಾ ಸಮಾಜ ಕಾರ್ಯ ಶಾಲೆ ಎಂಬುದು ಆಕಸ್ಮಿಕವಲ್ಲ.

ಗೋವಿಂದಸ್ವಾಮಿ 1961ರಲ್ಲಿ ತೀರಿಕೊಂಡರು. ಅವರ ಸಂಸ್ಥೆ ಮನೋವೈದ್ಯಕೀಯ ಸಮಾಜ ಕಾರ್ಯದ ತರಬೇತಿ ಶುರು ಮಾಡಿದ್ದು 1968ರಲ್ಲಿ. ತಂಡದ ಮೂರನೇ ಕಾಲು ಆಗ ಸೇರಿತು. 1974ರಲ್ಲಿ ಆಸ್ಪತ್ರೆ, ಸಂಸ್ಥೆ ಎರಡೂ ಒಂದಾಗಿ ನಿಮ್ಹಾನ್ಸ್ ಆಯಿತು. 1985ರಲ್ಲಿ ಸಂಸ್ಥೆ ಬಳ್ಳಾರಿಗೆ ಹೋಗಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಮಾನಸಿಕ ಚಿಕಿತ್ಸೆ ಕೊಡಬಹುದು ಎಂದು ತೋರಿಸಿತು. 1996ರಲ್ಲಿ ಕೇಂದ್ರ ಸರ್ಕಾರ ತಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಅಂದರೆ ದೇಶಕ್ಕೆ ದಾರಿ ತೋರಿಸಿದ್ದು ನಮ್ಮ ಕಲ್ಯಾಣ ಕರ್ನಾಟಕದ ನೆಲ.

ಈಗ ಅದೇ ನೆಲದ ಆಳಂದ ತಾಲ್ಲೂಕಿನ ಮಟಕಿಯನ್ನು ನೋಡಿ. ಆ ಹುಡುಗ ಮಟಕಿಯವನಾದರೆ ತಂಡ ಇರುವುದು ಜಿಲ್ಲಾ ಕೇಂದ್ರದಲ್ಲಿ. ಆಳಂದದಿಂದ ಕಲಬುರಗಿಗೇ ಸುಮಾರು 40 ಕಿ.ಮೀ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ ಮನೋಚೈತನ್ಯ ಯೋಜನೆ ಒಳ್ಳೆಯದೇ. ಆದರೆ ಯಾವಾಗಲೋ ಒಂದು ದಿನ ಬಂದುಹೋಗುವ ವೈದ್ಯರು ಹುಡುಗನ ಮನೆಗೂ ಶಾಲೆಗೂ ಹೋಗಿಬರುವುದು ಹೇಗೆ? ಕೂಲಿ ಬಿಟ್ಟು ಬರುವ ತಾಯಿಗೆ ಎರಡನೇ ಸಲ ಬರಲು ಆಗದಿದ್ದರೆ ಅಲ್ಲಿಗೆ ಮುಗಿಯಿತು.

2017ರ ಮಾನಸಿಕ ಆರೋಗ್ಯ ಕಾಯ್ದೆ ಮಕ್ಕಳ ಸೇವೆಯನ್ನು ಸರ್ಕಾರ ಕೊಡಲೇಬೇಕಾದ ಸೇವೆಗಳ ಪಟ್ಟಿಯಲ್ಲಿ ಸೇರಿಸಿದೆ. ಹಾಗಾಗಿ ಇದು ದಯೆಯ ಪ್ರಶ್ನೆಯಲ್ಲ, ಹಕ್ಕಿನ ಪ್ರಶ್ನೆ. 371ಜೆ ಹೆಸರಲ್ಲಿ ಕಟ್ಟಡಕ್ಕೆ ದುಡ್ಡು ಕೇಳುವ ನಾವು ಆಳಂದ, ಅಫಜಲಪುರ, ಜೇವರ್ಗಿಗೆ ತಲಾ ಒಬ್ಬ ಮನಃಶಾಸ್ತ್ರಜ್ಞ, ಒಬ್ಬ ಸಮಾಜ ಕಾರ್ಯಕರ್ತರ ಕಾಯಂ ಹುದ್ದೆಯನ್ನೂ ಕೇಳಬೇಕು. ಗೋವಿಂದಸ್ವಾಮಿ ಆ ಜನರನ್ನು ತಯಾರು ಮಾಡುವ ಶಾಲೆ ಕಟ್ಟಿ 70 ವರ್ಷ ಆಯಿತು. ಅವರಿಗೆ ತಾಲ್ಲೂಕಿನಲ್ಲಿ ಕುರ್ಚಿ ಹಾಕುವುದು ಬಾಕಿ ಇದೆ.