ಸರ್ ಎಂವಿ ಲೆಕ್ಕದಲ್ಲಿ ಬಿಟ್ಟುಹೋದ ಕಾಲಂ

ದುರ್ಗಿಗುಡಿಯಲ್ಲಿ ಕರೆಂಟ್ ಹೋದರೆ ಅಂಗಡಿಗಳ ಜನರೇಟರ್‌ಗಳು ಒಂದೊಂದಾಗಿ ಶುರುವಾಗುತ್ತವೆ. ಆಗ ನನಗೆ ನೆನಪಾಗೋದು ಪಕ್ಕದ ಭದ್ರಾವತಿಗೆ ಕಾರ್ಖಾನೆ ತಂದ ಸರ್ ಎಂ. ವಿಶ್ವೇಶ್ವರಯ್ಯ. ಸೋಲಾರಾ, ನ್ಯೂಕ್ಲಿಯರಾ, ಜಲವಿದ್ಯುತ್ತಾ ಅಂತ ನಾವು ಜಗಳ ಆಡ್ತಿರೋ ಈ ಹೊತ್ತಲ್ಲಿ ಅವರ ಬದುಕನ್ನು ಮತ್ತೆ ಓದಬೇಕು. ಪೂಜೆ ಮಾಡೋಕಲ್ಲ, ಲೆಕ್ಕ ನೋಡೋಕೆ.

ಮುದ್ದೇನಹಳ್ಳಿಯ ಈ ಹುಡುಗ ಪುಣೆಯಲ್ಲಿ ಎಂಜಿನಿಯರಿಂಗ್ ಓದಿ ಬಾಂಬೆ ಸರ್ಕಾರದ ಕೆಲಸಕ್ಕೆ ಸೇರಿದರು. 1903ರಲ್ಲಿ ಖಡಕ್‌ವಾಸ್ಲಾ ಅಣೆಕಟ್ಟಿಗೆ ತಾವೇ ವಿನ್ಯಾಸ ಮಾಡಿದ ಸ್ವಯಂಚಾಲಿತ ಗೇಟ್ ಹಾಕಿಸಿ, ಗೋಡೆ ಎತ್ತರಿಸದೆಯೇ ಹೆಚ್ಚು ನೀರು ನಿಲ್ಲಿಸಿದರು. 1909ರಲ್ಲಿ ಮೈಸೂರಿನ ಚೀಫ್ ಎಂಜಿನಿಯರ್ ಆದರು. ಅಷ್ಟೊತ್ತಿಗೆ ಶಿವನಸಮುದ್ರದ ಕರೆಂಟ್ ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಕರೆಂಟೂ ಸೊರಗಬೇಕು. 1911ರಲ್ಲಿ ಕನ್ನಂಬಾಡಿ ಕಟ್ಟೆ ಶುರುವಾಗಿದ್ದಕ್ಕೆ ನೀರಾವರಿಯ ಜೊತೆ ಇದೂ ಕಾರಣ. ಇವತ್ತು ಸೋಲಾರ್‌ಗೆ ರಾತ್ರಿ ಹೇಗೋ, ಅಂದು ಜಲವಿದ್ಯುತ್‌ಗೆ ಬೇಸಿಗೆ ಹಾಗೆ. ಉತ್ಪಾದನೆಯಷ್ಟೇ ಕೂಡಿಡೋದೂ ಮುಖ್ಯ ಅನ್ನೋದು ಅವರಿಗೆ ಗೊತ್ತಿತ್ತು.

1912ರಲ್ಲಿ ದಿವಾನರಾದರು. ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಕೊಡುವುದನ್ನು ಒಪ್ಪದೆ 1918ರಲ್ಲಿ ಹುದ್ದೆ ಬಿಟ್ಟರು. ದಕ್ಷತೆ ಅಳೆಯಬಲ್ಲ ಮನುಷ್ಯ, ಯಾರಿಗೆಷ್ಟು ಪಾಲು ಅನ್ನೋ ಪ್ರಶ್ನೆಯಲ್ಲಿ ಎಡವಿದರು ಅಂತಲೇ ನನ್ನ ಅಭಿಪ್ರಾಯ. 1923ರಲ್ಲಿ ಭದ್ರಾವತಿಯ ಕುಲುಮೆ ಉರಿಯಿತು, ಮಲೆನಾಡಿನ ಮರದ ಇದ್ದಿಲಿನಿಂದ. ಕಲ್ಲಿದ್ದಲಿಲ್ಲದ ನಾಡಿಗೆ ಅದು ಜಾಣ ದಾರಿ. ಬೆಲೆ ತೆತ್ತಿದ್ದು ಕಾಡು.

1962ರಲ್ಲಿ, ನೂರು ದಾಟಿದ ಮೇಲೆ, ಅವರು ತೀರಿಕೊಂಡರು. ಎರಡು ವರ್ಷಕ್ಕೆ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಕಟ್ಟಿದ್ದು ಅವರಲ್ಲ, ಆದರೆ ಲೆಕ್ಕ ಅದೇ. ಶರಾವತಿ ವಿದ್ಯುದಾಗಾರ 1035 ಮೆಗಾವ್ಯಾಟ್. ಮುಳುಗಡೆಯ ಎಷ್ಟೋ ಕುಟುಂಬಗಳು ಮಾತ್ರ ಇನ್ನೂ ಹಕ್ಕುಪತ್ರಕ್ಕೆ ಅಲೆಯುತ್ತಿವೆ. ಈಗ ಅದೇ ಕಣಿವೆಗೆ 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ. ಗೇರುಸೊಪ್ಪದ ನೀರನ್ನು ತಲಕಳಲೆಗೆ ಎತ್ತಿ, ಬೇಕಾದಾಗ ಕೆಳಗೆ ಬಿಡೋದು. ಎತ್ತೋಕೆ ತಗಲುವ ಕರೆಂಟು ವಾಪಸ್ ಬರೋದಕ್ಕಿಂತ ಹೆಚ್ಚು. ಆದರೂ ಸೋಲಾರ್, ಗಾಳಿ ನಂಬಿದ ಗ್ರಿಡ್‌ಗೆ ಇಂಥ ಸ್ಟೋರೇಜ್ ಬೇಕು. ಸಿಂಗಳೀಕಗಳ ಅಭಯಾರಣ್ಯದಲ್ಲೇ ಬೇಕಾ ಅನ್ನೋದು ಪ್ರಶ್ನೆ.

ಬೇರೆ ದಾರಿಗೂ ಬೆಲೆ ಇದೆ. ಪಾವಗಡದ 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್‌ಗೆ ಜಮೀನನ್ನು ಗುತ್ತಿಗೆಗೆ ಪಡೆದರು. ಒಡೆತನ ರೈತರಲ್ಲೇ ಉಳಿಯಿತು, ಆದರೆ ಜಮೀನಿಲ್ಲದ ಕೂಲಿಯವರಿಗೆ ಬಾಡಿಗೆ ಬರೋದಿಲ್ಲ.

ಹಾಗಾಗಿ ಯೂನಿಟ್ ದರ, ಕಾರ್ಬನ್, ಎಷ್ಟು ಗಂಟೆ ಸಿಗುತ್ತೆ ಅಂತ ಹೋಲಿಸುವಾಗ ಇನ್ನೊಂದು ಕಾಲಂ ಬರೆಯೋಣ: ಯಾರು ಏನು ಕಳಕೊಳ್ತಾರೆ? ಅದನ್ನು ಯೋಜನೆ ಮುಗಿದ ಮೇಲಲ್ಲ, ಮೊದಲೇ ತುಂಬಬೇಕು.