ಉಪ್ಪುನೀರಿನ ಒಗಟಿಗೆ ಲೆಕ್ಕ ಹೂಡಿದ ಜ್ಞಾನಚಂದ್ರ ಘೋಷ್

ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳಲ್ಲಿ ಇಂದಿಗೂ ಮನೆಮಾತು ಬಂಗಾಳಿ. ಪೂರ್ವ ಪಾಕಿಸ್ತಾನವನ್ನು ತೊರೆದು ಬಂದ ನಿರಾಶ್ರಿತ ಕುಟುಂಬಗಳಿಗೆ ಸರ್ಕಾರ ಪುನರ್ವಸತಿ ಕಲ್ಪಿಸಿದ ಊರುಗಳಿವು. ಆ ಕುಟುಂಬಗಳು ಇಲ್ಲಿ ನೆಲೆಯೂರುವುದಕ್ಕೆ ದಶಕಗಳ ಮೊದಲೇ, ಅದೇ ಪೂರ್ವ ಬಂಗಾಳದ ಢಾಕಾದಿಂದ ರಸಾಯನ ವಿಜ್ಞಾನಿಯೊಬ್ಬರು ಬೆಂಗಳೂರಿಗೆ ಬಂದು ಕನ್ನಡನಾಡಿನ ವಿಜ್ಞಾನದ ದಿಕ್ಕನ್ನೇ ಬದಲಿಸಿದ್ದರು. ಅವರು ಸರ್ ಜ್ಞಾನಚಂದ್ರ ಘೋಷ್.

1894ರಲ್ಲಿ ಜನಿಸಿದ ಘೋಷ್ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಆಚಾರ್ಯ ಪ್ರಫುಲ್ಲಚಂದ್ರ ರಾಯರ ಶಿಷ್ಯರಾಗಿದ್ದರು. ಸತ್ಯೇಂದ್ರನಾಥ ಬೋಸ್ ಮತ್ತು ಮೇಘನಾದ ಸಹಾ ಅವರ ಸಹಪಾಠಿಗಳು. ಮುಂದೆ ಬೋಸ್ ಕಣಗಳ ಲೆಕ್ಕದಿಂದ, ಸಹಾ ನಕ್ಷತ್ರಗಳ ಲೆಕ್ಕದಿಂದ ಜಗತ್ತಿಗೆ ಪರಿಚಿತರಾದರು. ಘೋಷ್ ಆರಿಸಿಕೊಂಡದ್ದು ಪ್ರತಿ ಮನೆಯ ಅಡುಗೆಕೋಣೆಯಲ್ಲೂ ಇರುವ ವಸ್ತುವನ್ನು, ನೀರಿನಲ್ಲಿ ಕರಗಿದ ಉಪ್ಪನ್ನು.

ಉಪ್ಪು ನೀರಿನಲ್ಲಿ ಕರಗಿದಾಗ ವಿದ್ಯುದಾವೇಶವುಳ್ಳ ಅಯಾನುಗಳಾಗಿ ಬಿಡಿಬಿಡಿಯಾಗುತ್ತದೆ ಎಂಬುದನ್ನು ಸ್ವೀಡನ್ನಿನ ಅರೇನಿಯಸ್ 1887ರಲ್ಲಿಯೇ ಪ್ರತಿಪಾದಿಸಿದ್ದರು. ಅವರ ಪ್ರಕಾರ ಒಂದು ಭಾಗ ಮಾತ್ರ ಬಿಡಿಯಾಗುತ್ತದೆ, ಉಳಿದದ್ದು ಹಾಗೆಯೇ ಇರುತ್ತದೆ. ವಿನೆಗರಿನಂತಹ ದುರ್ಬಲ ಆಮ್ಲಗಳಿಗೆ ಈ ಲೆಕ್ಕ ಸೊಗಸಾಗಿ ಒಪ್ಪುತ್ತಿತ್ತು. ಸಾಮಾನ್ಯ ಉಪ್ಪಿಗೆ ಮಾತ್ರ ಒಪ್ಪುತ್ತಿರಲಿಲ್ಲ. ಮೂರು ದಶಕ ಕಾಲ ಅದು ರಸಾಯನಶಾಸ್ತ್ರದ ಕಗ್ಗಂಟಾಗಿಯೇ ಉಳಿದಿತ್ತು.

1918ರಲ್ಲಿ, ಇನ್ನೂ ಇಪ್ಪತ್ತನಾಲ್ಕರ ಹರೆಯದಲ್ಲಿ, ಘೋಷ್ ಲಂಡನ್ನಿನ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ತಮ್ಮ ಉತ್ತರವನ್ನು ಪ್ರಕಟಿಸಿದರು. ಉಪ್ಪು ಸಂಪೂರ್ಣವಾಗಿಯೇ ಅಯಾನುಗಳಾಗುತ್ತದೆ, ಆದರೆ ಧನ ಮತ್ತು ಋಣ ಅಯಾನುಗಳ ಪರಸ್ಪರ ಸೆಳೆತ ನೀರಿನೊಳಗೂ ಮುಂದುವರಿಯುತ್ತದೆ ಎಂಬುದು ಅವರ ವಾದ. ಹರಳಿನಲ್ಲಿರುವಂತೆಯೇ ದ್ರಾವಣದಲ್ಲಿಯೂ ಅಯಾನುಗಳು ಕ್ರಮವಾಗಿ ನಿಂತಿವೆ ಎಂದು ಭಾವಿಸಿ, ಆ ಸೆಳೆತವನ್ನು ಮೀರುವಷ್ಟು ಚಲನಶಕ್ತಿಯುಳ್ಳವು ಮಾತ್ರ ಸ್ವತಂತ್ರವಾಗಿ ಓಡಾಡುತ್ತವೆ ಎಂದು ಅವರು ಲೆಕ್ಕ ಹಾಕಿದರು. ಕಲ್ಕತ್ತೆಯ ಈ ತರುಣನ ಲೇಖನಗಳು ಯೂರೋಪಿನ ಪ್ರಯೋಗಶಾಲೆಗಳಲ್ಲಿ ಚರ್ಚೆಗೆ ಬಂದವು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಡೊನನ್ ಅವರ ಬಳಿ ಸಂಶೋಧನೆ ನಡೆಸಿದ ಘೋಷ್, 1921ರಲ್ಲಿ ಹೊಸದಾಗಿ ತೆರೆದ ಢಾಕಾ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಪ್ರಾಧ್ಯಾಪಕರಾದರು.

ಆದರೆ ಅವರ ಉತ್ತರ ಬಹುಕಾಲ ನಿಲ್ಲಲಿಲ್ಲ. ನೀರಿನಲ್ಲಿ ಶಾಖದಿಂದ ಸದಾ ಕುಣಿಯುವ ಅಯಾನುಗಳು ಹರಳಿನ ಶಿಸ್ತನ್ನು ಪಾಲಿಸಲಾರವು. 1923ರಲ್ಲಿ ಡಿಬೈ ಮತ್ತು ಹ್ಯೂಕೆಲ್ ಈ ದೋಷವನ್ನು ಸರಿಪಡಿಸಿ, ಪ್ರತಿ ಅಯಾನಿನ ಸುತ್ತ ವಿರುದ್ಧ ಆವೇಶದ ಮೋಡವೊಂದು ಕವಿದಿರುತ್ತದೆ ಎಂಬ ಸಿದ್ಧಾಂತವನ್ನು ಕಟ್ಟಿದರು. ಪಠ್ಯಪುಸ್ತಕಗಳಲ್ಲಿ ಉಳಿದದ್ದು ಅವರ ಹೆಸರು. ಘೋಷ್ ಕಟ್ಟಿದ ಚೌಕಟ್ಟು ಬಿತ್ತು. ಆದರೂ ಉಪ್ಪು ಪೂರ್ಣವಾಗಿ ಬಿಡಿಯಾಗುತ್ತದೆ, ವ್ಯತ್ಯಾಸಕ್ಕೆ ಕಾರಣ ವಿದ್ಯುತ್ ಸೆಳೆತ ಎಂಬ ಅವರ ನಿಲುವು ಹೊಸ ಸಿದ್ಧಾಂತದಲ್ಲಿಯೂ ಉಳಿಯಿತು.

ಹಳೆಯ ಸಿದ್ಧಾಂತಕ್ಕೆ ಜೋತುಬಿದ್ದು ಅವರು ಕೂರಲಿಲ್ಲ. ಢಾಕಾದಲ್ಲಿ ಬೆಳಕಿನಿಂದ ನಡೆಯುವ ರಾಸಾಯನಿಕ ಕ್ರಿಯೆಗಳ ಅಧ್ಯಯನದತ್ತ ತಿರುಗಿದರು, ಶಿಷ್ಯರ ಪಡೆಯನ್ನೇ ಬೆಳೆಸಿದರು. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಕರೆ ಬಂದಿತು. ಸಿ.ವಿ. ರಾಮನ್ 1937ರಲ್ಲಿ ನಿರ್ದೇಶಕ ಸ್ಥಾನವನ್ನು ಬಿಟ್ಟಿದ್ದರು. ಅಂದಿನ ಭಿನ್ನಾಭಿಪ್ರಾಯಗಳ ಕಾವು ಆರಿರಲಿಲ್ಲ. ಘೋಷ್ ಬಂದ ವರ್ಷವೇ ಎರಡನೆಯ ಮಹಾಯುದ್ಧವೂ ಆರಂಭವಾಯಿತು.

ಅವರು ಆ ಸಂಕಟವನ್ನೇ ಅವಕಾಶವನ್ನಾಗಿ ಮಾಡಿಕೊಂಡರು. ಶುದ್ಧ ವಿಜ್ಞಾನದ ಜೊತೆಗೆ ತಂತ್ರಜ್ಞಾನವೂ ಸಂಸ್ಥೆಯ ಅಂಗಳಕ್ಕೆ ಬಂದಿತು. ವಿಮಾನ ಕಾರ್ಖಾನೆ ತಲೆಯೆತ್ತಿದ್ದ ಬೆಂಗಳೂರಿನಲ್ಲಿ 1942ರಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ಆರಂಭವಾಯಿತು. ಲೋಹವಿಜ್ಞಾನ ಮತ್ತು ಎಂಜಿನ್ ತಂತ್ರಜ್ಞಾನದ ವಿಭಾಗಗಳಿಗೂ ಅವರ ಕಾಲದಲ್ಲಿಯೇ ಅಡಿಪಾಯ ಬಿದ್ದಿತು. ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಅನಿಲಗಳಿಂದ ದ್ರವ ಇಂಧನ ತಯಾರಿಸುವ ಫಿಷರ್–ಟ್ರಾಪ್ಷ್ ವಿಧಾನದ ಸಂಶೋಧನೆಯನ್ನು ಸ್ವತಃ ಮುನ್ನಡೆಸಿದರು. 1943ರಲ್ಲಿ ಸರ್ ಪದವಿ ದೊರೆಯಿತು.

ಬೆಂಗಳೂರನ್ನು ಬಿಟ್ಟ ಮೇಲೆ ಅವರು ಖರಗ್‌ಪುರದಲ್ಲಿ ದೇಶದ ಮೊದಲ ಐಐಟಿಯ ಪ್ರಥಮ ನಿರ್ದೇಶಕರಾದರು. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಹಿಜ್ಲಿ ಬಂದಿಖಾನೆಯ ಕಟ್ಟಡದಲ್ಲಿ ಆ ಸಂಸ್ಥೆ ಪಾಠ ಆರಂಭಿಸಿತು. ಅನಂತರ ಕಲ್ಕತ್ತಾ ವಿಶ್ವವಿದ್ಯಾಲಯದ ಕುಲಪತಿಯಾಗಿ, ಯೋಜನಾ ಆಯೋಗದ ಸದಸ್ಯರಾಗಿ ದುಡಿದ ಅವರು 1959ರ ಜನವರಿ 21ರಂದು ನಿಧನರಾದರು.

ಅದೇ 1959ರಲ್ಲಿ ವಾನ್ ಡರ್ ವಾಲ್ಸ್ ಮತ್ತು ಪ್ಲಾಟೀಯು ಎಂಬ ಡಚ್ ವಿಜ್ಞಾನಿಗಳು ಗ್ಯಾಸ್ ಹೈಡ್ರೇಟುಗಳ ಉಷ್ಣಗತಿ ಮಾದರಿಯನ್ನು ಪ್ರಕಟಿಸಿದರು. ಈ ಡಚ್ ವಿಜ್ಞಾನಿ ನೊಬೆಲ್ ಪಡೆದ ಹಿರಿಯ ವಾನ್ ಡರ್ ವಾಲ್ಸ್ ಅಲ್ಲ. ನೀರಿನ ಅಣುಗಳು ಹೆಣೆದ ಪಂಜರದೊಳಗೆ ಮೀಥೇನಿನಂತಹ ಅನಿಲ ಸೆರೆಯಾದಾಗ ಉಂಟಾಗುವ, ಮಂಜುಗಡ್ಡೆಯಂತೆ ಕಂಡರೂ ಬೆಂಕಿ ಹಚ್ಚಿದರೆ ಉರಿಯುವ ವಸ್ತುವೇ ಗ್ಯಾಸ್ ಹೈಡ್ರೇಟ್. ಎಷ್ಟು ಚಳಿಯಲ್ಲಿ, ಎಷ್ಟು ಒತ್ತಡದಲ್ಲಿ ಅದು ನಿಲ್ಲುತ್ತದೆ ಎಂಬುದನ್ನು ಈ ಮಾದರಿ ಹೇಳುತ್ತದೆ. ಆದರೆ ಕಡಲಿನ ನೀರು ಉಪ್ಪು. ಅಯಾನುಗಳು ನೀರಿನ ಅಣುಗಳನ್ನು ತಮ್ಮತ್ತ ಎಳೆದುಕೊಳ್ಳುವುದರಿಂದ ಪಂಜರ ಕಟ್ಟಿಕೊಳ್ಳಲು ಇನ್ನೂ ಹೆಚ್ಚು ಚಳಿ, ಇಲ್ಲವೇ ಹೆಚ್ಚು ಒತ್ತಡ ಬೇಕಾಗುತ್ತದೆ. ಹೈಡ್ರೇಟ್ ರೂಪುಗೊಳ್ಳುವಾಗ ಉಪ್ಪನ್ನು ಹೊರಗೆ ಬಿಡುವುದರಿಂದ ಉಳಿದ ನೀರು ಮತ್ತಷ್ಟು ಉಪ್ಪಾಗುತ್ತದೆ. ಹೀಗಾಗಿ ಸಮುದ್ರತಳದ ಹೈಡ್ರೇಟಿನ ಲೆಕ್ಕ ಹಾಕುವವರು ಮೊದಲು ಉಪ್ಪುನೀರಿನ ಲೆಕ್ಕವನ್ನು ಬಿಡಿಸಲೇಬೇಕು. 1918ರಲ್ಲಿ ಘೋಷ್ ಎದುರಿಸಿದ್ದು ಇದೇ ಒಗಟನ್ನು.

2006ರಲ್ಲಿ ಭಾರತ ಕೈಗೊಂಡ ಶೋಧಯಾನ ಬಂಗಾಳಕೊಲ್ಲಿಯ ಕೃಷ್ಣಾ–ಗೋದಾವರಿ ಕಣಿವೆಯ ತಳದಲ್ಲಿ 100 ಮೀಟರಿಗೂ ದಪ್ಪದ ಹೈಡ್ರೇಟ್ ಪದರವನ್ನು ಪತ್ತೆಹಚ್ಚಿತು. ಲಿಂಗಸುಗೂರಿನ ಗಡಿಯಲ್ಲಿ ಹರಿಯುವ ಕೃಷ್ಣೆ ಕೊನೆಗೆ ಸೇರುವುದು ಆ ಕಡಲನ್ನೇ. ಆ ನಿಕ್ಷೇಪವನ್ನು ಹೊರತೆಗೆಯುವ ದಾರಿ ಸುಲಭವಲ್ಲ. ಅಲ್ಲಿನ ಉಪ್ಪುನೀರಿಗೆ ಬಳಸುವ ಸೂತ್ರಗಳಲ್ಲಿ ಘೋಷ್ ಅವರ ಹೆಸರೂ ಇಲ್ಲ. ಆದರೆ ಆ ಸೂತ್ರಗಳು ಹುಟ್ಟುವ ಮುನ್ನ ಅಯಾನುಗಳ ಸೆಳೆತವನ್ನು ಲೆಕ್ಕಕ್ಕೆ ತಂದು, ಮುಂದಿನವರು ತಿದ್ದಲು ಒಂದು ಉತ್ತರವನ್ನು ಮುಂದಿಟ್ಟವರಲ್ಲಿ ಅವರೂ ಒಬ್ಬರು. ತಮ್ಮ ಸಿದ್ಧಾಂತ ಬಿದ್ದ ಮೇಲೂ ಅವರು ಕಟ್ಟುವ ಕೆಲಸವನ್ನು ಬಿಡಲಿಲ್ಲ ಎಂಬುದಕ್ಕೆ ಬೆಂಗಳೂರು ಮತ್ತು ಖರಗ್‌ಪುರದ ಸಂಸ್ಥೆಗಳು ಇಂದಿಗೂ ಸಾಕ್ಷಿಯಾಗಿವೆ.